ಸಮಾಧಾನ ಬಂತಾ?

ನಮ್ಮ ಕ್ರೈಸ್ತ ಸಭೆಯಲ್ಲಿ ಹೆಣ್ಣು ನೋಡಲು ಬಂದವರು ಎದ್ದು ಹೋಗುವಾಗ ಒಪ್ಪಿಗೆ ಎನ್ನುವುದಿಲ್ಲ, ಒಪ್ಪಿಗೆಯಿಲ್ಲ ಎಂದೂ ಅನ್ನುವುದಿಲ್ಲ. "ಪ್ರಾರ್ಥನೆ ಮಾಡಿ ಹೇಳ್ತೀವಿ" ಎನ್ನುತ್ತಾರೆ. ಹೆಣ್ಣಿನ ಕಡೆಯವರೂ, "ಆಯ್ತು, ನಾವೂ ಪ್ರಾರ್ಥನೆ ಮಾಡ್ತೀವಿ" ಎಂದು ಬಾಗಿಲವರೆಗೆ ಬಂದು ಕಳಿಸುತ್ತಾರೆ. ಆಮೇಲೆ ಎರಡೂ ಮನೆಯವರು ಕಾಯುತ್ತಾರೆ. ಯಾರಿಗೆ ಮೊದಲು ಉತ್ತರ ಸಿಕ್ಕಿತೋ ಅವರು ಫೋನ್ ಮಾಡಿ, "ನಮ್ಗೆ ಸಮಾಧಾನ ಬಂತು" ಎಂದು ತಿಳಿಸುತ್ತಾರೆ. ಇಲ್ಲಿ ಸಮಾಧಾನ ಅಂದರೆ ಮನಸ್ಸು ತಣ್ಣಗಾಯಿತು ಎಂದಷ್ಟೇ ಅಲ್ಲ, ದೇವರು ಹೌದೆಂದಿದ್ದಾನೆ ಎಂಬ ಗುರುತು. ಹುಡುಗನ ಕಡೆಯವರು ಹಿಡಿಸದಿದ್ದರೂ ಇದರಿಂದ ಅನುಕೂಲವೇ. ಅವರ ಮನೆ ಚಿಕ್ಕದು, ಹುಡುಗನಿಗೆ ಕೂದಲಿಲ್ಲ ಎಂದೆಲ್ಲ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಮಾಧಾನ ಬರಲಿಲ್ಲ ಎಂದರೆ ಮುಗಿಯಿತು. ದೇವರ ಮೇಲೆ ಹಾಕಿ ಎಲ್ಲರೂ ಮರ್ಯಾದೆ ಉಳಿಸಿಕೊಳ್ಳುತ್ತಾರೆ.

ಆದರೆ ಹಾಗೆ ಹೇಳುವ ಹಕ್ಕು ಹಿರಿಯರದು. ಅದೂ ಮೊದಲ ವಾರದೊಳಗೆ ಹೇಳಿಬಿಡಬೇಕು. ಎಲ್ಲರಿಗೂ ಸಮಾಧಾನ ಬಂದ ಮೇಲೆ, ಕೊನೆಯಲ್ಲಿ ಉಳಿದ ಹುಡುಗಿಗೆ ಮಾತ್ರ ಬರದಿದ್ದರೆ ಏನು ಮಾಡಬೇಕೆಂದು ನಮ್ಮಲ್ಲಿ ಯಾರೂ ಯೋಚಿಸಿಟ್ಟಿರಲಿಲ್ಲ. ಆ ಹುಡುಗಿ ನಾನು.

ನಮ್ಮದು ಹಿರಿಯೂರು. ಸಂಬಂಧ ಬಂದದ್ದು ಹೊಸದುರ್ಗದಿಂದ. ಹುಡುಗನ ತಂದೆ ಅಲ್ಲಿ ಒಂದು ಸಣ್ಣ ಸಭೆ ನಡೆಸುತ್ತಿದ್ದರು. ಅವರ ನಂತರ ಮಗ ನೋಡಿಕೊಳ್ಳಬೇಕು ಎಂಬುದು ತೀರ್ಮಾನವಾಗಿತ್ತು. ಹಾಗಾಗಿ ಅವರು ಹುಡುಕುತ್ತಿದ್ದದ್ದು ಬರೀ ಸೊಸೆಯನ್ನಲ್ಲ. ಮುಂದೆ ಸಭೆಗೆ ಅಮ್ಮನಾಗುವವಳನ್ನು. ಹೆಂಗಸರ ಕೂಟ ನಡೆಸುವವಳು, ಮೈಕ್ ಹಿಡಿದು ಹಾಡಿಸುವವಳು, ಹೊತ್ತಲ್ಲದ ಹೊತ್ತಿನಲ್ಲಿ ಅಳುತ್ತ ಬಂದವರನ್ನು ಕೂರಿಸಿ ಮಾತಾಡಿಸುವವಳು. ನನ್ನನ್ನು ನೋಡಿ ಹೋದ ಕೆಲವೇ ದಿನಕ್ಕೆ ಹುಡುಗನ ತಾಯಿಗೆ ಕನಸು ಬಿತ್ತು. ಅವರ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಬಿಳಿ ಸೀರೆಯುಟ್ಟ ಒಬ್ಬ ಹೆಣ್ಣುಮಗಳು ನಿಂತು ಜನರನ್ನು ಒಳಗೆ ಕರೆಯುತ್ತಿದ್ದಳಂತೆ. ಅದು ನಾನೇ ಎಂದು ಅವರು ಫೋನಿನಲ್ಲಿ ಹೇಳಿದರು.

ಅಪ್ಪನಿಗೆ ಸಮಾಧಾನ ಬಂದದ್ದು ಆ ಫೋನಿನ ಮಾರನೆಯ ದಿನ, ಡ್ಯೂಟಿಯಲ್ಲಿದ್ದಾಗ, ಬಸ್ಸು ಮಾರಿಕಣಿವೆ ದಾಟುತ್ತಿದ್ದಾಗ. ಅಪ್ಪ ಬಸ್ ಕಂಡಕ್ಟರ್. ಸಂಜೆ ಬಂದವರು ಬ್ಯಾಗ್ ಕೆಳಗಿಡುವ ಮೊದಲೇ ಹೇಳಿದರು. ಅಮ್ಮನಿಗೆ ಆ ವಾರದ ಉಪವಾಸ ಪ್ರಾರ್ಥನೆಯಲ್ಲಿ ಬಂತು. ನಮ್ಮ ಪಾಸ್ಟರಿಗೆ, ಪಾಸ್ಟರಮ್ಮನಿಗೆ ಬಂತು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಸಾಲುಗಟ್ಟಿದವು. ನನ್ನನ್ನು ಎದುರಿಗೆ ಕಂಡವರೆಲ್ಲ ಕೇಳುವುದು ಒಂದೇ ಮಾತು, "ಸಮಾಧಾನ ಬಂತಾ?" ತರಕಾರಿ ಅಂಗಡಿಯಲ್ಲಿ ಸಿಕ್ಕವರೂ ಅದನ್ನೇ ಕೇಳಿದರು. ಈಸ್ಟರ್ ಕಳೆದ ಮೇಲಿನ ಭಾನುವಾರ ಹೊಸದುರ್ಗದವರು ಮತ್ತೆ ಬರುವುದು, ಅವತ್ತು ನನ್ನ ಉತ್ತರ ಕೇಳಿ ದಿನ ಗೊತ್ತುಮಾಡುವುದು ಎಂದು ಮಾತಾಯಿತು. ಉತ್ತರ ಎಂದರೆ ಯಾವ ಉತ್ತರ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ನನಗೆ ಮಾತ್ರ ಆ ಹುಡುಗನ ಮನೆಯ ಹೆಸರೆತ್ತಿದರೆ ಎದೆ ಹಿಡಿದುಕೊಳ್ಳುತ್ತಿತ್ತು. ಅನ್ನ ಇಳಿಯುತ್ತಿರಲಿಲ್ಲ. ಇದು ಬೇಡ, ಇದು ಬೇಡ ಎಂದು ಒಳಗೆ ಏನೋ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅದು ದೇವರೇ ಬೇಡ ಎನ್ನುತ್ತಿರುವುದು ಎಂದು ನಂಬಲು ನನಗೆ ಎಷ್ಟು ಆಸೆಯಿತ್ತು ಎಂದರೆ ನಾಚಿಕೆಯಾಗುತ್ತದೆ. ಆದರೆ ನಂಬುವುದು ಹೇಗೆ? ನನ್ನ ಒಳಗಿನ ಆ ಬಡಿತ ನನ್ನ ಜೀವನದಲ್ಲಿ ಎಲ್ಲದಕ್ಕೂ ಬೇಡ ಎಂದೇ ಹೇಳಿಕೊಂಡು ಬಂದಿದೆ. ಶಾಲೆಯ ಪ್ರವಾಸಕ್ಕೆ ಬೇಡ ಎಂದಿತ್ತು. ಪರೀಕ್ಷೆಗೆ ಬೇಡ ಎಂದಿತ್ತು. ಚಿತ್ರದುರ್ಗದ ಕೆಲಸಕ್ಕೆ ಸೇರುವ ದಿನ ಬಸ್ ಹತ್ತಬೇಡ ಎಂದಿತ್ತು. ಹತ್ತಿದೆ, ಏನೂ ಆಗಲಿಲ್ಲ. ದಿನಾ ಸುಳ್ಳು ಹೇಳುವವರು ಒಂದು ದಿನ ನಿಜ ಹೇಳಿದರೂ ಯಾರು ಕೇಳುತ್ತಾರೆ?

ಹಿರಿಯೂರಿನಲ್ಲಿ ನನ್ನ ಹೆದರಿಕೆ ಗುಟ್ಟೇನಲ್ಲ. ಚಿಕ್ಕವಳಿದ್ದಾಗ ಕ್ರಿಸ್‌ಮಸ್ ನಾಟಕದಲ್ಲಿ ನನಗೆ ದೇವದೂತನ ಪಾತ್ರ ಕೊಟ್ಟಿದ್ದರು. ಬೆನ್ನಿಗೆ ರಟ್ಟಿನ ರೆಕ್ಕೆ. ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು, ಹೆದರಬೇಡಿರಿ ಎಂದು. ಕುರುಬರ ವೇಷದ ಹುಡುಗರು ನನ್ನ ಎದುರು ನಡುಗುತ್ತ ಕೂತರು. ನಿಜವಾಗಿ ನಡುಗುತ್ತಿದ್ದವಳು ನಾನೊಬ್ಬಳೇ. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಅಪ್ಪ ಎದ್ದು ನಿಂತು "ಹೆದರಬೇಡಿರಿ" ಎಂದು ಗುಡುಗಿದರು. ಇಂಜಿನ್ನಿನ ಸದ್ದಿನ ಮೇಲೆ ಊರುಗಳ ಹೆಸರು ಕೂಗಿ ರೂಢಿಯಾದ ಗಂಟಲು ಅದು. ತಗಡಿನ ಚಾವಣಿಯೇ ಅದುರಿತು. ಮುಂದೆ ಕೂತಿದ್ದ ಎಳೆ ಕೂಸೊಂದು ಅಳತೊಡಗಿತು. ಈಗಲೂ ಸಭೆಯಲ್ಲಿ ಇದನ್ನು ಹೇಳಿ ನಗುತ್ತಾರೆ. ನಾನೂ ನಗುತ್ತೇನೆ.

ಆದರೆ ಅದು ಒಳಗೆ ಒಂದು ಕೆಲಸ ಮಾಡಿಬಿಟ್ಟಿತ್ತು. ದೇವರ ದನಿ ಎಂದರೆ ನನಗೆ ಅಪ್ಪನ ಪ್ರಾರ್ಥನೆಯ ದನಿ. ಅಪ್ಪ ಮನೆಯಲ್ಲಿ ನಮ್ಮ ಮಾತನ್ನೇ ಆಡುತ್ತಾರೆ, "ಉಪ್ಪು ಎಲ್ಲೈತೆ", "ಬಾಗ್ಲು ಹಾಕ್ಯಳಿ" ಎನ್ನುತ್ತಾರೆ. ಪ್ರಾರ್ಥನೆಗೆ ನಿಂತರೆ ಮಾತೇ ಬೇರೆ. "ಓ ಪರಲೋಕದ ತಂದೆಯೇ, ನಿನ್ನ ಪಾದಸನ್ನಿಧಿಗೆ ಬಂದಿದ್ದೇವೆ" ಎಂದು ಪುಸ್ತಕದ ಕನ್ನಡ ದೊಡ್ಡ ದನಿಯಲ್ಲಿ ಧುಮ್ಮಿಕ್ಕುತ್ತದೆ. ದೇವರು ಮಾತಾಡಿದರೆ ಹಾಗೆಯೇ ಮಾತಾಡುತ್ತಾನೆ, ದೊಡ್ಡದಾಗಿ, ಗ್ರಾಂಥಿಕವಾಗಿ, ತಪ್ಪಿಸಿಕೊಳ್ಳಲು ಆಗದಂತೆ ಎಂದು ನಾನು ನಂಬಿಕೊಂಡಿದ್ದೆ. ಆ ವಾರಗಳಲ್ಲಿ ಅಂಥದೇ ದನಿಗಾಗಿ ಕಿವಿ ನೆಟ್ಟು ಕೂತಿದ್ದೆ. ಬರಲಿಲ್ಲ.

ಬರದಿದ್ದಾಗ ಬರಿಸಲು ಹೊರಟೆ. ನಮ್ಮ ಸಭೆಯವರು ಕಷ್ಟದಲ್ಲಿ ಮಾಡುವುದನ್ನೆಲ್ಲ ಮಾಡಿದೆ. ಕಣ್ಣು ಮುಚ್ಚಿ ಸತ್ಯವೇದ, ಅಂದರೆ ಬೈಬಲ್, ತೆರೆದು ಬೆರಳಿಟ್ಟೆ. ಯಾರ ಮಗ ಯಾರು, ಅವನ ಮಗ ಯಾರು ಎಂಬ ವಂಶಾವಳಿ ಸಿಕ್ಕಿತು. ಮಕ್ಕಳಾಗುತ್ತವೆ ಅಂತ ಅರ್ಥವೇ ಎಂದು ಒಂದು ದಿನವೆಲ್ಲ ತಲೆ ಕೆಡಿಸಿಕೊಂಡೆ. ಇನ್ನೊಂದು ಸಲ ಇಟ್ಟಾಗ, ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಯಾಜಕನು ಏನು ಮಾಡಬೇಕೆಂಬ ಕಟ್ಟಳೆ ಬಂತು. ನಮ್ಮ ಬಚ್ಚಲ ಗೋಡೆಗೆ ನಿಜಕ್ಕೂ ಬೂಷ್ಟು ಹಿಡಿದಿತ್ತು. ಹೊಸ ವರ್ಷಕ್ಕೆ ಎಲ್ಲರೂ ಒಂದೊಂದು ಎತ್ತಿಕೊಳ್ಳುವ, ದೇವರ ವಚನ ಬರೆದ ವಾಗ್ದಾನದ ಕಾರ್ಡುಗಳ ಡಬ್ಬಿಯನ್ನು ಪಾಸ್ಟರಮ್ಮನ ಮನೆಯಿಂದ ಕೇಳಿ ತಂದೆ. ಎತ್ತಿದ ಕಾರ್ಡೆಲ್ಲ ಆಶೀರ್ವಾದದ್ದೇ. ಬೇಡ ಎನ್ನುವ ಕಾರ್ಡನ್ನು ಆ ಡಬ್ಬಿಗೆ ಯಾರೂ ಹಾಕಿರುವುದಿಲ್ಲ ಎಂದು ಆಮೇಲೆ ಹೊಳೆಯಿತು.

ಕೊನೆಗೆ ಕಂಬಳಿ. ಸತ್ಯವೇದದಲ್ಲಿ ನ್ಯಾಯಸ್ಥಾಪಕನೆಂಬ ಹಿಂದಿನ ಕಾಲದ ಒಬ್ಬ ಮುಖಂಡ ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಬೆಳಗ್ಗೆ ಅದು ಒದ್ದೆಯಾಗಿದ್ದರೆ ನಿನ್ನ ಮಾತು ನಿಜ ಎಂದು ದೇವರನ್ನು ಕೇಳಿದ ಕಥೆ ನಮ್ಮಲ್ಲಿ ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಬೇರೆ ಊರಿನ ವಿಶ್ವಾಸಿಗಳು ಅದನ್ನು ಬರೀ ಮಾತಿಗೆ ಹೇಳುತ್ತಾರೆ, ನಿಜವಾಗಿ ಉಣ್ಣೆ ಹಾಸುವುದಿಲ್ಲ. ನಮ್ಮ ಮನೆಯಲ್ಲಿ ಉಣ್ಣೆಗೆ ಬರವಿಲ್ಲ. ಅಮ್ಮನ ತವರಿನವರು ಕುರಿ ಕಾಯುವವರು. ಮದುವೆಯಲ್ಲಿ ಅವಳಿಗೆ ಕೊಟ್ಟ ಕರಿ ಕಂಬಳಿ ಟ್ರಂಕಿನಲ್ಲಿತ್ತು. ಒಂದು ಸಂಜೆ ಅದನ್ನು ಮಾಳಿಗೆಗೆ ಒಯ್ದು ಹಾಸಿದೆ. ಒದ್ದೆಯಾದರೆ ಮದುವೆ, ಒಣಗಿದ್ದರೆ ಬೇಡ. ಅದು ಬೇಸಿಗೆ. ಹಿರಿಯೂರಿನಲ್ಲಿ ಆ ಹೊತ್ತಿನಲ್ಲಿ ಇಬ್ಬನಿ ಬೀಳುವುದಿಲ್ಲ ಎಂಬುದು ದೇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಿದರೂ ಹಾಸಿದೆ.

ಬೆಳಗ್ಗೆ ಹೋಗಿ ನೋಡಿದರೆ ಕಂಬಳಿ ಒದ್ದೆ. ಅಲ್ಲೇ ಕುಕ್ಕರಿಸಿದೆ. ಮುಗಿಯಿತು, ದೇವರು ನನ್ನ ಕಳ್ಳಾಟ ಹಿಡಿದುಬಿಟ್ಟ ಎಂದು ಅಳು ಬಂತು. ಆಮೇಲೆ ಕೈ ಆಡಿಸಿದರೆ ಒಂದು ಮೂಲೆ ಮಾತ್ರ ತೊಯ್ದಿತ್ತು, ಉಳಿದದ್ದು ಒಣಗಿತ್ತು. ತಲೆಯೆತ್ತಿ ನೋಡಿದೆ. ಮೇಲಿನ ಟ್ಯಾಂಕಿನಿಂದ ನೀರು ಸುರಿಯುತ್ತಿತ್ತು. ಅಷ್ಟರಲ್ಲಿ ಅಮ್ಮ ಮೆಟ್ಟಿಲು ಹತ್ತಿ ಬಂದಳು.

"ನಿಮ್ಮಪ್ಪ ಮೋಟ್ರು ಹಾಕಿ ಆಫ್ ಮಾಡಾದು ಮರ್ತು ಡ್ಯೂಟಿಗೆ ಹೋಗೈತೆ," ಎಂದಳು. ಆಮೇಲೆ ಕಂಬಳಿ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಬೈಯಲಿಲ್ಲ. ಒದ್ದೆಯಾದ ಮೂಲೆಯನ್ನು ಹಿಂಡಿ, ಕಂಬಳಿಯನ್ನು ತಂತಿಯ ಮೇಲೆ ಹರಡಿದಳು. "ಹಾಳಾಗ್ತಿತ್ತಲ್ಲೇ," ಎಂದಷ್ಟೇ ಹೇಳಿ ಕೆಳಗಿಳಿದಳು. ಅವಳು ಕಂಬಳಿಯ ಮಾತು ಆಡಿದಳೋ ನನ್ನ ಮಾತು ಆಡಿದಳೋ ತಿಳಿಯಲಿಲ್ಲ.

ಕಡೆಗೆ ಪಾಸ್ಟರಮ್ಮನ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಒಳ್ಳೆಯವರು. ಸಣ್ಣವಳಿದ್ದಾಗ ನನ್ನ ತಲೆ ಬಾಚಿದವರು. ಕೈ ಹಿಡಿದುಕೊಂಡು ಹೇಳಿದರು, "ನೋಡವ್ವ, ಭಯ ಸೈತಾನಂದು, ಸಮಾಧಾನ ದೇವ್ರದು. ಇದರಾಗೆ ಗೊಂದಲ ಏನೈತೆ? ನಿಂಗೆ ಬೇಡ ಅನ್ಸಾದು ಭಯದಿಂದ. ಭಯದ ಮಾತು ಕೇಳ್ಬಾರ್ದು."

"ಅಮ್ಮ, ದೇವ್ರೇ ಬೇಡ ಅಂತಿದ್ರೆ?"

"ದೇವ್ರು ಬೇಡ ಅನ್ನಂಗಿದ್ರೆ ಎಲ್ರಿಗೂ ಸಮಾಧಾನ ಯಾಕೆ ಕೊಡ್ತಿದ್ದ?"

ಮನೆಗೆ ನಡೆದು ಬರುವಾಗ ಯೋಚಿಸಿದೆ. ಹೌದು ಎನ್ನಿಸಿದರೆ ಅದು ದೇವರು. ಬೇಡ ಎನ್ನಿಸಿದರೆ ಅದು ಸೈತಾನ. ಏನೂ ಅನ್ನಿಸದಿದ್ದರೆ ನಂಬಿಕೆ ಸಾಲದು, ಇನ್ನೂ ಉಪವಾಸ ಮಾಡಬೇಕು. ಹಾಗಾದರೆ ನನಗೆ ಇಟ್ಟಿರುವ ಬಾಗಿಲು ಒಂದೇ. ಒಂದೇ ಬಾಗಿಲಿರುವ ಕೋಣೆಗೆ ನನ್ನನ್ನು ನೂಕಿ, ನಿನ್ನ ಇಷ್ಟ, ಯಾವ ಬಾಗಿಲಿಂದಾದರೂ ಹೊರಗೆ ಬಾ ಎನ್ನುತ್ತಿದ್ದರು. ಕೋಪ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ, ಏಕೆಂದರೆ ಎಲ್ಲರೂ ನನ್ನನ್ನು ಪ್ರೀತಿಸುವವರೇ. ಪ್ರೀತಿಸುವವರು ಸುತ್ತ ನಿಂತಾಗ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ. ದೇವರ ಮೇಲೂ ಕೋಪವಿತ್ತು. ಬಸ್ಸಿನಲ್ಲಿ ಟಿಕೆಟ್ ಹರಿಯುವ ಅಪ್ಪನಿಗೆ ಹೇಳಲು ಅವನಿಗೆ ಬಿಡುವಿತ್ತು, ಮಂಡಿಯೂರಿ ಕೂತ ನನಗೆ ಹೇಳಲು ಬಿಡುವಿರಲಿಲ್ಲ.

ನಾನು ಚಿತ್ರದುರ್ಗದಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಜನರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ರಕ್ತ ತೆಗೆಯುವುದೇ ಕೆಲಸ. ಎಲ್ಲಕ್ಕೂ ಹೆದರುವವಳು ಸೂಜಿಗೆ ಹೆದರುವುದಿಲ್ಲ. ಚುಚ್ಚಿಸಿಕೊಳ್ಳುವವರು ಬೇರೆಯವರಲ್ಲವೇ ಎಂದು ಗೆಳತಿಯರು ಛೇಡಿಸುತ್ತಾರೆ. ಭಾನುವಾರ ಹತ್ತಿರ ಬಂದ ಆ ವಾರ ಭೀಮಸಮುದ್ರದ ಕಡೆಯ ಒಬ್ಬ ಅಜ್ಜಿ ಬಂದರು. ಸೊಸೆ ಹೊರಗೆ ಕೂತಿದ್ದಳು. ಅಜ್ಜಿ ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದರು.

"ನಂದು ನರ ಸಿಗಲ್ಲ ಕಣವ್ವ. ಹೋದ್ ಸಲ ಎರಡೂ ಕೈ ತೂತು ಮಾಡಿ ಕಳಿಸಿದ್ರು."

"ಸಿಗ್ತೈತೆ, ಕುಂತ್ಕಳ್ರಿ ಅಜ್ಜಿ," ಎಂದೆ.

ಪಟ್ಟಿ ಕಟ್ಟಿದೆ. ಮುಷ್ಟಿ ಹಿಡಿಯಲು ಹೇಳಿದೆ. ಬೆರಳಿನಿಂದ ಒತ್ತಿ ಹುಡುಕಿದೆ. ನಿಜಕ್ಕೂ ಸಿಗಲಿಲ್ಲ. ಅಜ್ಜಿಯ ಕೈ ತಣ್ಣಗೆ ಕೊರೆಯುತ್ತಿತ್ತು. ಹೆದರಿದವರ ಕೈಯಲ್ಲಿ ನರ ಒಳಗೆ ಸೇರಿಕೊಳ್ಳುತ್ತದೆ. ಎಷ್ಟು ಒತ್ತಿದರೂ ತಟ್ಟಿದರೂ ಮೇಲೆ ಬರುವುದಿಲ್ಲ. ಆಗ ಮಾಡುವುದೇನೆಂದರೆ ಹುಡುಕುವುದನ್ನು ನಿಲ್ಲಿಸುವುದು. ಪಟ್ಟಿ ಬಿಚ್ಚಿದೆ. ಮುಷ್ಟಿ ಬಿಡಿ ಎಂದೆ. ಅಜ್ಜಿಯ ಕೈಯನ್ನು ನನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಸುಮ್ಮನೆ ಕೂತೆ. ಇದನ್ನು ಬಂದವರಿಗೆಲ್ಲ ಮಾಡುತ್ತೇನೆ. ಬಿಸಿಯಾಗುವವರೆಗೆ ಕಾದರೆ ನರ ತಾನಾಗಿ ಎದ್ದು ಬರುತ್ತದೆ.

ಕೂತಿದ್ದಾಗ ನನಗೆ ನನ್ನ ಬಗ್ಗೆಯೇ ನಗು ಬಂತು. ಇಷ್ಟು ವಾರ ಮುಷ್ಟಿ ಬಿಗಿ ಹಿಡಿದು, ಬೆರಳಿಟ್ಟು, ಕಾರ್ಡೆತ್ತಿ, ಕಂಬಳಿ ಹಾಸಿ ದೇವರ ದನಿ ಸಿಗುತ್ತಿಲ್ಲ ಎಂದು ಅಳುತ್ತಿದ್ದವಳು ನಾನೇ ಅಲ್ಲವೇ? ಆ ಹೊತ್ತಿಗೆ ನಾನು ಹೌದಾ ಬೇಡವಾ ಎಂದು ದೇವರನ್ನು ಕೇಳಲಿಲ್ಲ. ಏನನ್ನೂ ಕೇಳಲಿಲ್ಲ. ಹೊರಗೆ ಬಸ್ಸುಗಳ ಹಾರ್ನ್, ಒಳಗೆ ಫ್ಯಾನಿನ ಸದ್ದು. ಅಜ್ಜಿ ಕಣ್ಣು ಮುಚ್ಚಿದ್ದರು. ಆಗ ಒಳಗೆ ಒಂದು ಮಾತು ಬಂತು. ಕಿವಿಗೆ ಕೇಳಿಸಿದ್ದಲ್ಲ. ನಿಂಗೇನು ಬೇಕು?

ಅಷ್ಟೇ. ಎದೆ ಬಡಿತ ಅದರ ಪಾಡಿಗೆ ಅದು ಇತ್ತು, ಅದರ ಪಕ್ಕದಲ್ಲಿ ಈ ಮಾತು ಇತ್ತು. ಬಡಿತದ ಹಾಗೆ ಇದಕ್ಕೆ ಅವಸರವಿರಲಿಲ್ಲ. ಕೇಳಿ, ಉತ್ತರಕ್ಕೆ ಕಾಯುವ ಹಾಗೆ ಇತ್ತು. ಆದರೆ ನಾನು ಅದನ್ನು ತಳ್ಳಿಹಾಕಿದೆ. ದೇವರು ಹೀಗೆ ಮಾತಾಡುತ್ತಾನೆಯೇ, ಅಂಗಡಿಯವನು ಕೇಳಿದ ಹಾಗೆ? ಪುಸ್ತಕದ ಒಂದು ಪದವಿಲ್ಲ, ಗುಡುಗಿಲ್ಲ. ಇದು ನನ್ನ ಸ್ವಂತ ಆಸೆಯೇ ಹೊರತು ಬೇರೆಯಲ್ಲ, ಸ್ವಂತ ಆಸೆಯನ್ನು ಶಿಲುಬೆಗೆ ಹಾಕಬೇಕೆಂದು ವಾರವಾರವೂ ಕೇಳಿಲ್ಲವೇ ಎಂದುಕೊಂಡೆ. ಅಜ್ಜಿಯ ಕೈ ಬೆಚ್ಚಗಾಗಿತ್ತು. ನರ ಸಿಕ್ಕಿತು. "ಆಗೇ ಹೋಯ್ತಾ?" ಎಂದು ಅಜ್ಜಿ ಹತ್ತಿ ಒತ್ತಿಕೊಂಡು ಹೋದರು.

ಭಾನುವಾರ ಮಧ್ಯಾಹ್ನ ಹೊಸದುರ್ಗದವರು ಬಂದರು. ಹುಡುಗ, ಅವನ ತಂದೆ, ತಾಯಿ. ನಮ್ಮ ಪಾಸ್ಟರ್, ಪಾಸ್ಟರಮ್ಮ ಮೊದಲೇ ಬಂದಿದ್ದರು. ಸಭೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ನಡುಮನೆ ತುಂಬ ಹಾಕಿದ್ದೆವು. ಕೇಸರಿಬಾತು, ಉಪ್ಪಿಟ್ಟು ಆಯಿತು. ನಾನು ಅಮ್ಮನ ರೇಷ್ಮೆ ಸೀರೆ ಉಟ್ಟಿದ್ದೆ. ರವಿಕೆ ಬಿಗಿಯಾಗಿತ್ತು, ಉಸಿರಾಡಲು ಆಗುತ್ತಿರಲಿಲ್ಲ. ರವಿಕೆಯದು ಎಷ್ಟು ತಪ್ಪು, ನನ್ನದು ಎಷ್ಟು ಎಂದು ಹೇಳಲಾಗದು.

ನಮ್ಮಲ್ಲಿ ಇಂಥ ದಿನ ಹುಡುಗ ಹುಡುಗಿಯನ್ನು ಒಂದು ಕೋಣೆಯಲ್ಲಿ ಕೂರಿಸಿ, ಬಾಗಿಲು ತೆರೆದಿಟ್ಟು, "ಇಬ್ರೂ ಸೇರಿ ಪ್ರಾರ್ಥನೆ ಮಾಡ್ಕಂಡು ಬರ್ರಿ" ಎನ್ನುತ್ತಾರೆ. ಹೋದೆವು. ಅವನು ನನ್ನ ಎದುರು ಮಂಚದ ತುದಿಯಲ್ಲಿ ಕೂತ. ಕಣ್ಣು ಮುಚ್ಚಿ ಸೊಗಸಾದ ಕನ್ನಡದಲ್ಲಿ ಪ್ರಾರ್ಥಿಸಿದ. ಒಂದು ಕಡೆಯೂ ತಡವರಿಸಲಿಲ್ಲ. ಆಮೆನ್ ಆದ ಮೇಲೆ ಇಬ್ಬರೂ ನೆಲ ನೋಡಿದೆವು. ಅವನ ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ಸವೆದಿತ್ತು. ಅದನ್ನು ನೋಡಿದ್ದರಿಂದಲೇ ನನಗೆ ಬಾಯಿ ಬಂತು.

"ನಿಮ್ಗೆ ದೇವ್ರು ಹೆಂಗೆ ಹೇಳಿದ್ರು?" ಎಂದು ಕೇಳಿದೆ.

"ನಿಮ್ಗೆ ಮೊದ್ಲೇ ಹೇಳಾಗೈತಂತಲ್ಲ ಸಿಸ್ಟರ್," ಎಂದ. ದಿನ ಗೊತ್ತಾಗುವವರೆಗೆ ನಮ್ಮಲ್ಲಿ ಎಲ್ಲ ಹುಡುಗಿಯರೂ ಸಿಸ್ಟರೇ. "ನಿಮ್ಗೆ ಸಮಾಧಾನ ಬಂದೈತೆ, ಭಾನುವಾರ ಹೇಳ್ತಾರೆ ಅಂತ ನಮ್ಮಮ್ಮ ಅಂದ್ರು. ನನ್ನೊಬ್ಬನ ಸಲುವಾಗಿ ತಡ ಮಾಡಾದು ಬೇಡ ಅಂತ ನಾನೂ ಬಂತು ಅಂದೆ."

"ನಂಗೆ ಬಂದಿಲ್ಲ."

ಅವನು ತಲೆಯೆತ್ತಿ ನನ್ನನ್ನು ನೋಡಿದ್ದು ಅದೇ ಮೊದಲು. "ನಂಗೂ ಬಂದಿಲ್ಲ," ಎಂದ ಆಮೇಲೆ, ಮೆಲ್ಲಗೆ. "ಈಗ ಹೆಂಗೆ?"

ನಡುಮನೆಯಿಂದ ಅಪ್ಪ ಕರೆದರು. ಎದ್ದು ಹೋದೆವು. ಎಲ್ಲರ ಮುಖದಲ್ಲೂ ನಗುವಿತ್ತು. ಪಾಸ್ಟರ್ ನನ್ನ ಕಡೆ ತಿರುಗಿ, "ಹೇಳವ್ವ, ದೇವ್ರು ನಿಂಗೆ ಏನು ಹೇಳಿದಾನೆ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದ ನಿಜವಾದ ಉತ್ತರ ಒಂದೇ. ಬೆನ್ನಿಗೆ ಮತ್ತೆ ರಟ್ಟಿನ ರೆಕ್ಕೆ ಕಟ್ಟಿದಂತಾಯಿತು. ಈ ಸಲ ಅಪ್ಪ ಹಿಂದಿನಿಂದ ಹೇಳಿಕೊಡುವ ಹಾಗಿರಲಿಲ್ಲ.

"ನಂಗೆ ದೇವ್ರು ಏನೂ ಹೇಳಿಲ್ಲ," ಎಂದೆ.

ನಗು ಒಂದೊಂದಾಗಿ ಇಳಿಯಿತು. ಪಾಸ್ಟರಮ್ಮ ನನ್ನ ಹತ್ತಿರ ಸರಿದು, "ಅದು ಭಯನವ್ವ, ನಾನು ಹೇಳಿರಲಿಲ್ವಾ," ಎಂದರು. ನಾನು ತಲೆ ತಗ್ಗಿಸಿದೆ. ಇನ್ನು ಆಗುವುದಿಲ್ಲ, ಸರಿ ಎಂದುಬಿಡೋಣ, ಇದೇ ನನ್ನ ಹಣೆಬರಹ ಎನ್ನಿಸಿತು. ಬಾಯಿಯವರೆಗೆ ಬಂದಿತ್ತು. ಆಗ ಅಡಿಗೆಮನೆಯ ಬಾಗಿಲಿನಿಂದ ಅಮ್ಮ ಮಾತಾಡಿದಳು. ಗಂಡಸರು ಕೂತಲ್ಲಿ ಅಮ್ಮ ಎಂದೂ ಮಾತಾಡಿದವಳಲ್ಲ.

"ನಂಗೂ ಏನೂ ಹೇಳಿಲ್ಲ."

ಅಪ್ಪ ಕುರ್ಚಿಯಲ್ಲೇ ತಿರುಗಿದರು. "ನಿಂಗೆ ಸಮಾಧಾನ ಬಂತು ಅಂದಿದ್ಯಲ್ಲ?"

"ನೀವು ಬಂತು ಅಂದ್ರಿ. ಅದಕ್ಕೆ ನಾನೂ ಅಂದೆ."

ಹುಡುಗ ಗೋಡೆಗೆ ಒರಗಿ ನಿಂತಿದ್ದ. "ನಂಗೂ ಇಲ್ಲಪ್ಪ," ಎಂದ, ತನ್ನ ತಂದೆಯನ್ನು ನೋಡದೆ. ಅವನ ತಂದೆಯ ಮುಖ ಕೆಂಪಾಯಿತು. "ಊರಿಗೆಲ್ಲ ಹೇಳಿ ಆಗೈತೆ. ಈಗ ಹಿಂಗಂದ್ರೆ ಹೆಂಗ್ರಿ? ಇವ್ರಮ್ಮಂಗೆ ಕನಸು ಬಿದ್ದಿದ್ದು ಸುಳ್ಳಾ?" ಎಂದು ಹೆಂಡತಿಯ ಕಡೆ ಕೈ ಮಾಡಿದರು. ಆಕೆ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದರು. "ಕನಸು ಬಿದ್ದಿದ್ದು ನಿಜ," ಎಂದರು. "ಆದ್ರೆ ಮುಖ ಕಾಣ್ಲಿಲ್ಲ. ಆ ಕಡೆ ತಿರುಗಿ ನಿಂತಿದ್ಲು. ಉದ್ದ ಜಡೆ ಇತ್ತು, ಇವಳೇ ಇರಬೇಕು ಅನ್ನಿಸ್ತು," ಎಂದರು. ಅಲ್ಲಿದ್ದ ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಒಬ್ಬರು ಇನ್ನೊಬ್ಬರ ಸಮಾಧಾನವನ್ನು ನೋಡಿ ಸಮಾಧಾನ ಪಟ್ಟಿದ್ದರು, ಅಷ್ಟೇ. ಪಾಸ್ಟರ್ ತಮ್ಮ ಟೀ ಲೋಟವನ್ನೇ ನೋಡುತ್ತಿದ್ದರು. ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಪ್ಪ ಎದ್ದು ನಿಂತರು. "ಪ್ರಾರ್ಥನೆ ಮಾಡಾಣ," ಎಂದರು.

ಎಲ್ಲರೂ ಕಣ್ಣು ಮುಚ್ಚಿದೆವು. ಆ ದೊಡ್ಡ ದನಿಗಾಗಿ ಕಾದೆ. ಪರಲೋಕದ ತಂದೆಯೇ ಎಂದು ಶುರುವಾಗುತ್ತದೆ, ಆಮೇಲೆ ಈ ದುರ್ಬಲ ಮಗಳನ್ನು ಬಲಪಡಿಸು ಎಂದು ಬರುತ್ತದೆ, ಆಮೆನ್ ಎನ್ನುವ ಹೊತ್ತಿಗೆ ನನ್ನ ಮದುವೆ ಗೊತ್ತಾಗಿರುತ್ತದೆ. ಆದರೆ ದನಿ ಬರಲಿಲ್ಲ. ಫ್ಯಾನ್ ತಿರುಗುತ್ತಿತ್ತು. ಯಾರೋ ಕೆಮ್ಮಿದರು. ಕಣ್ಣು ತೆರೆದು ನೋಡಿದೆ. ಅಪ್ಪ ಬಾಯಿ ತೆರೆದು ನಿಂತಿದ್ದರು, ಮಾತು ಹೊರಡುತ್ತಿರಲಿಲ್ಲ. ಅದು ಹೇಗಿರುತ್ತದೆಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಸ್ವಾಮಿ," ಎಂದರು ಕೊನೆಗೆ. ಮನೆಯ ದನಿ, ಉಪ್ಪು ಎಲ್ಲೈತೆ ಎಂದು ಕೇಳುವ ದನಿ. "ನಮ್ಗೆ ಗೊತ್ತಾಗ್ಲಿಲ್ಲ. ಗೊತ್ತೈತೆ ಅನ್ಕಂಡಿದ್ವಿ."

ಅಷ್ಟಕ್ಕೇ ನಿಂತಿತು. ಆಮೆನ್ ಬರಲಿಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದರು. ಅಪ್ಪ ಕಣ್ಣು ತೆರೆದು ನನ್ನ ಕಡೆ ನೋಡಿದರು. ಅವರ ಕಣ್ಣು ತುಂಬಿತ್ತು.

"ನಿಂಗೇನು ಬೇಕವ್ವ?"

ಅಜ್ಜಿಯ ಕೈ ಹಿಡಿದು ಕೂತಾಗ ಬಂದ ಅದೇ ಮಾತು, ಅದೇ ಅವಸರವಿಲ್ಲದ ಬಗೆ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಪಾಸ್ಟರಮ್ಮನಿಗೂ ಹೇಳಿರಲಿಲ್ಲ. ಇಷ್ಟು ದಿನ ಎಲ್ಲರೂ ದೇವರು ಏನು ಹೇಳಿದ ಎಂದು ಕೇಳಿದ್ದರು. ದೇವರು ಕೇಳುತ್ತಿದ್ದದ್ದು ಬೇರೆ. ಅಂದು ತಳ್ಳಿಹಾಕಿದ ಆ ದನಿಯನ್ನು ಈಗ ಗುರುತು ಹಿಡಿದೆ.

ಹೆದರಿಕೆ ಹೋಗಿರಲಿಲ್ಲ. ಎದೆ ಬಡಿಯುತ್ತಲೇ ಇತ್ತು. ಅದರ ಪಕ್ಕದಲ್ಲಿ ನಿಂತುಕೊಂಡೇ ಹೇಳಿದೆ, "ಹೆದರಿಕೆ ಆಗ್ತೈತಪ್ಪ. ಆದ್ರೆ ಹೆದರ್ಕಂಡು ಬೇಡ ಅಂತಿಲ್ಲ. ನಂಗೇ ಬೇಡ."

ಅಪ್ಪ ಕಣ್ಣು ಮುಚ್ಚಿ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಆಮೆನ್ ಎಂದರು.